ಅಪ್ಪನ ಯಂತ್ರ ಮೇಲೋ, ಮಗನ ಯಂತ್ರ ಮೇಲೋ?

ಈ ಬಾರಿಯ ಬೇಸಗೆ ರಜೆಗೆ ಮಗನೂ ಮೊಮ್ಮಗನೂ ಊರಿಗೆ ಬಂದಿದ್ದಾಗ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ನಡೆಯಿತು. ವಾದಿ, ನಲವತ್ತರ ಹೊಸ್ತಿಲಲ್ಲಿರುವ ನನ್ನ ಮಗ. ಪ್ರತಿವಾದಿ, 12 ವರ್ಷದ ಅವನ ಮಗ. ವಿವಾದ ಹೊಲದ ಬದುವಿನದಲ್ಲ, ಮನೆಯ ಪಾಲಿನದೂ ಅಲ್ಲ. ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರಗಳಲ್ಲಿ ಹಿಂದಿನ ಕಾಲದವು ಶ್ರೇಷ್ಠವೋ, ಇಂದಿನವು ಶ್ರೇಷ್ಠವೋ ಎಂಬುದು. ರಾತ್ರಿ ಊಟಕ್ಕೆ ಕುಳಿತಾಗ ಆರಂಭವಾದದ್ದು ಎಂಜಲು ಕೈ ಒಣಗಿದರೂ ಮುಗಿಯಲಿಲ್ಲ. ಕೊನೆಗೆ ಮೊಮ್ಮಗ ನನ್ನ ಕಡೆ ತಿರುಗಿ, "ಅಜ್ಜ, ನೀವು ಗಣಿತದ ಮೇಷ್ಟ್ರಲ್ಲವೇ? ಲೆಕ್ಕ ಹಾಕಿ ನೀವೇ ಹೇಳಿ" ಎಂದ.

ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದಿ ನಗುತ್ತಿರಬಹುದು. ತರಗತಿಯಲ್ಲಿ 'ಟಿವಿ ಗೇಮ್' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಡಸ್ಟರನ್ನು ಮೇಜಿಗೆ ಬಡಿಯುತ್ತಿದ್ದ ಮೇಷ್ಟ್ರು ಈಗ ಅದರ ಮೇಲೆಯೇ ಬರೆಯಲು ಕುಳಿತಿದ್ದಾರಲ್ಲ ಎಂದು. ಧಾರಾಳವಾಗಿ ನಗಿ. ಆದರೆ ಕೊನೆಯವರೆಗೂ ಓದಿ. ನಾನು ಒಪ್ಪಿಕೊಳ್ಳಬೇಕಾದ ತಪ್ಪೊಂದೂ ಇದರಲ್ಲಿ ಸೇರಿಕೊಂಡಿದೆ.

ಮೊದಲು ಮಗನ ಯಂತ್ರದ ಪರಿಚಯ ಮಾಡಿಕೊಡುತ್ತೇನೆ. 1996ರಲ್ಲಿ, ಅವನಿಗೆ 10 ವರ್ಷವಾಗಿದ್ದಾಗ, ಬೆಂಗಳೂರಿನಲ್ಲಿದ್ದ ನನ್ನ ತಮ್ಮ ಅದನ್ನು ತಂದುಕೊಟ್ಟಿದ್ದ. ಕೆಂಪು-ಬಿಳಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಅದಕ್ಕೆ ದಾರ ಕಟ್ಟಿದಂತೆ ಎರಡು ಪುಟ್ಟ ಹಿಡಿಕೆಗಳು, ಮೇಲೆ ಕ್ಯಾಸೆಟ್ ಸಿಕ್ಕಿಸುವ ಬಾಯಿ. ಅದು ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ 'ಫ್ಯಾಮಿಕಾಮ್' ಎಂಬ ಯಂತ್ರದ ನಕಲು ಎಂಬುದು ನಮಗಾರಿಗೂ ಆಗ ತಿಳಿದಿರಲಿಲ್ಲ. ನಮ್ಮ ಕಡೆ ಆ ಕಾಲದ ಮಕ್ಕಳೆಲ್ಲ ಆಡಿದ್ದು ಬಹುಪಾಲು ಇಂಥ ನಕಲುಗಳನ್ನೇ. ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಅಚ್ಚಾಗಿರುತ್ತಿತ್ತು; ಎಣಿಸಿದರೆ ಒಳಗೆ ನಿಜವಾಗಿ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು, ಉಳಿದವು ಅವೇ ಆಟಗಳ ಪುನರಾವರ್ತನೆ. ಜಾಹೀರಾತಿನ ಸಂಖ್ಯೆಯನ್ನು ನಂಬಬಾರದೆಂಬ ಪಾಠವನ್ನು ಒಂದು ಪೀಳಿಗೆಗೆ ಕಲಿಸಿದ್ದು ಆ ಕ್ಯಾಸೆಟ್ಟೇ ಇರಬೇಕು.

ಇನ್ನು ಮೊಮ್ಮಗನದು 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5. ಅವನ ವಾದ ಪೂರ್ತಿಯಾಗಿ ಅಂಕಿಗಳ ಮೇಲೆ ನಿಂತಿದೆ. "ನನ್ನದು 10.28 ಟೆರಾಫ್ಲಾಪ್ ಅಜ್ಜ, ಅಪ್ಪನದು ಬರೀ 8 ಬಿಟ್" ಎನ್ನುತ್ತಾನೆ. ಒಂದು ಟೆರಾಫ್ಲಾಪ್ ಎಂದರೆ ಒಂದು ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಅಂದರೆ ಅವನ ಯಂತ್ರ ಸೆಕೆಂಡಿಗೆ ಹತ್ತು ಲಕ್ಷ ಕೋಟಿಗೂ ಹೆಚ್ಚು ಲೆಕ್ಕಗಳನ್ನು ಮಾಡಬಲ್ಲದು. ಮಗನ ಯಂತ್ರದ ಮಿದುಳಿಗೆ ಗುಣಾಕಾರವೇ ಬರುತ್ತಿರಲಿಲ್ಲ. ಇದು ತಮಾಷೆಯ ಮಾತಲ್ಲ. ಆ ಪ್ರೊಸೆಸರಿನಲ್ಲಿ ಕೂಡುವ, ಕಳೆಯುವ ಆದೇಶಗಳಿದ್ದವೇ ಹೊರತು ಗುಣಿಸುವ ಆದೇಶವಿರಲಿಲ್ಲ. ಗುಣಿಸಬೇಕಾದರೆ ಪ್ರೋಗ್ರಾಂ ಬರೆಯುವವನು ಮತ್ತೆ ಮತ್ತೆ ಕೂಡಿಸಿಯೋ, ಅಂಕಿಗಳ ಸ್ಥಾನ ಪಲ್ಲಟಗೊಳಿಸಿಯೋ ಸಾಧಿಸಬೇಕಾಗಿತ್ತು. ಮಗ್ಗಿ ಬಾರದ ವಿದ್ಯಾರ್ಥಿಯೊಬ್ಬ ಜಗತ್ತನ್ನೇ ಗೆದ್ದ ಎಂದಾಯಿತು! ಇದು ಮೊದಲೇ ತಿಳಿದಿದ್ದರೆ ನಿಮ್ಮಲ್ಲಿ ಎಷ್ಟೋ ಮಂದಿ ನನ್ನೆದುರು ಇದನ್ನೇ ಉದಾಹರಿಸುತ್ತಿದ್ದಿರಿ.

ಅಂಕಿಗಳನ್ನು ನೋಡಿ ತೀರ್ಪು ಕೊಡುವುದಾದರೆ ಮೊಕದ್ದಮೆ ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಗಣಿತದಲ್ಲಿ ನಾವು ಮೊದಲು ಕಲಿಸುವುದೇನು? ಹೋಲಿಸುವ ಮುನ್ನ ಏಕಮಾನ ಒಂದೇ ಇದೆಯೇ ಎಂದು ನೋಡು ಎಂದಲ್ಲವೇ? ಬಿಟ್ ಎಂಬುದು ಪ್ರೊಸೆಸರು ಒಂದು ಸಲಕ್ಕೆ ಎಷ್ಟು ದೊಡ್ಡ ಸಂಖ್ಯೆಯನ್ನು ಹಿಡಿಯಬಲ್ಲದು ಎಂಬುದರ ಸೂಚನೆ ಮಾತ್ರ. 8 ಬಿಟ್ಟಿನಲ್ಲಿ ಸೊನ್ನೆಯಿಂದ 255ರವರೆಗೆ ಬರೆಯಬಹುದು. 1986ರ 'ಲೆಜೆಂಡ್ ಆಫ್ ಜೆಲ್ಡಾ' ಆಟದಲ್ಲಿ ನಾಯಕನ ಹಣದ ಚೀಲ 255ಕ್ಕೆ ತುಂಬಿಬಿಡುತ್ತಿದ್ದುದರ ಗುಟ್ಟು ಇದೇ. ಅದು ಪಾತ್ರೆಯ ಅಳತೆಯೇ ಹೊರತು ಅಡುಗೆಯ ರುಚಿಯಲ್ಲ.

ಈ ಅಂಕಿಯನ್ನು ವ್ಯಾಪಾರಿಗಳು ಹೇಗೆ ಬಳಸಿಕೊಂಡರು ನೋಡಿ. 1987ರಲ್ಲಿ ಜಪಾನಿನಲ್ಲಿ 'ಪಿಸಿ ಎಂಜಿನ್' ಎಂಬ ಯಂತ್ರ ಬಂತು. ಅದರ ಮುಖ್ಯ ಪ್ರೊಸೆಸರು 8 ಬಿಟ್ಟಿನದು. ಚಿತ್ರ ಬಿಡಿಸುವ ಭಾಗ ಮಾತ್ರ 16 ಬಿಟ್ಟಿನದು. ಅಮೆರಿಕದಲ್ಲಿ ಅದೇ ಯಂತ್ರ 1989ರಲ್ಲಿ 'ಟರ್ಬೋಗ್ರಾಫಿಕ್ಸ್-16' ಎಂಬ ನಾಮಧೇಯದೊಡನೆ ಮಾರಾಟವಾಯಿತು. 1993ರಲ್ಲಿ ಅಟಾರಿ ಸಂಸ್ಥೆ 'ಜಾಗ್ವಾರ್' ಯಂತ್ರವನ್ನು 64 ಬಿಟ್ ಎಂದು ಡಂಗುರ ಸಾರಿ ಮಾರಿತು. ಮಿಕ್ಕವರದು 16, ನಮ್ಮದು 64, ನೀವೇ ಲೆಕ್ಕ ಹಾಕಿಕೊಳ್ಳಿ ಎಂಬ ಧಾಟಿ ಅದರದು. ಜನ ಲೆಕ್ಕ ಹಾಕಲಿಲ್ಲ, ಆಡಿ ನೋಡಿದರು. 1996ರ ಹೊತ್ತಿಗೆ ಅದರ ಕಥೆ ಮುಗಿಯಿತು. ಅದಕ್ಕಿಂತ ಒಂದು ವರ್ಷ ತಡವಾಗಿ, 1994ರ ಡಿಸೆಂಬರಿನಲ್ಲಿ ಬಂದ ಸೋನಿಯ ಮೊದಲ ಪ್ಲೇಸ್ಟೇಷನ್ 32 ಬಿಟ್ಟಿನದಾಗಿದ್ದರೂ 10 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಂಥ ನಿದರ್ಶನಗಳು ಪ್ರತಿ ಪೀಳಿಗೆಯಲ್ಲೂ ಇವೆ. 1989ರಲ್ಲಿ ನಿಂಟೆಂಡೊದ 'ಗೇಮ್ ಬಾಯ್' ಎಂಬ ಅಂಗೈ ಯಂತ್ರ ಬಂದಾಗ ಅದರ ಪರದೆಯಲ್ಲಿ ಬಣ್ಣವಿರಲಿಲ್ಲ, ಬೆಳಕೂ ಇರಲಿಲ್ಲ. ಮರುವರ್ಷ ಸೆಗಾ ಸಂಸ್ಥೆ 'ಗೇಮ್ ಗೇರ್' ತಂದಿತು, ಬಣ್ಣವಿತ್ತು, ಬೆಳಕಿತ್ತು. ಆದರೆ ಅದಕ್ಕೆ 6 ಸೆಲ್ಲು ಬೇಕಾಗಿತ್ತು ಮತ್ತು ಅವು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತಿದ್ದವು. ಗೇಮ್ ಬಾಯ್ 4 ಸೆಲ್ಲುಗಳಲ್ಲಿ ದಿನವಿಡೀ ನಡೆಯುತ್ತಿತ್ತು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ಎಂಬ ಎಂಜಿನಿಯರಿಗೆ ಒಂದು ಸಿದ್ಧಾಂತವಿತ್ತು: ಪಳಗಿದ, ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ಬಳಸಬೇಕು ಎಂಬುದು. ಬಣ್ಣದ ಯಂತ್ರ ಸೋತಿತು, ಬಣ್ಣವಿಲ್ಲದ್ದು ಗೆದ್ದಿತು. 2006ರಲ್ಲಿ ಅದೇ ಸಂಸ್ಥೆಯ 'ವೀ' ಮತ್ತು ಸೋನಿಯ ಪ್ಲೇಸ್ಟೇಷನ್ 3 ಒಂದೇ ತಿಂಗಳಿನಲ್ಲಿ ಮಾರುಕಟ್ಟೆಗೆ ಬಂದವು. ಶಕ್ತಿಯಲ್ಲಿ ವೀ ಬಹಳ ಹಿಂದೆ. ಅಮೆರಿಕದಲ್ಲಿ ಅದರ ಬೆಲೆ ಸುಮಾರು 250 ಡಾಲರ್, ಪ್ಲೇಸ್ಟೇಷನ್ 3ರ ದೊಡ್ಡ ಮಾದರಿಗೆ ಸುಮಾರು 600 ಡಾಲರ್. ಆದರೆ ವೀಯ ಹಿಡಿಕೆಯನ್ನು ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟ್ ಬೀಸುತ್ತಿತ್ತು. ಅದುವರೆಗೆ ಯಾವ ಗುಂಡಿಯನ್ನೂ ಒತ್ತದ ಅಜ್ಜ ಅಜ್ಜಿಯರೂ ಎದ್ದು ನಿಂತು ಆಡಿದರು. 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಪ್ಲೇಸ್ಟೇಷನ್ 3 ಒಂಬತ್ತು ಕೋಟಿಯನ್ನೂ ಮುಟ್ಟಲಿಲ್ಲ.

ಇದನ್ನೆಲ್ಲ ಹೇಳಿದಾಗ ಮೊಮ್ಮಗ ಪೆಚ್ಚಾದ, ಮಗ ಮೀಸೆ ತಿರುವಿದ. "ನೋಡಿದೆಯಾ, ನಮ್ಮ ಕಾಲದ ಆಟಗಳ ಗಮ್ಮತ್ತೇ ಬೇರೆ" ಎಂದ. ಮೀಸೆ ತಿರುವುವುದು ಅಷ್ಟು ಸುಲಭವಲ್ಲವಪ್ಪಾ ಎಂದು ಅವನನ್ನೂ ಕೂರಿಸಿಕೊಂಡೆ.

'ನಮ್ಮ ಕಾಲದ್ದೇ ಚೆನ್ನ' ಎಂಬ ಮಾತನ್ನು ನಾನು ಉಪಾಧ್ಯಾಯರ ಕೊಠಡಿಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕೇಳಿದ್ದೇನೆ. ನಾನೂ ಆಡಿದ್ದೇನೆ. ಹಳೆಯ ಬ್ಯಾಚಿನ ಹುಡುಗರು ಬುದ್ಧಿವಂತರು, ಈಗಿನವರು ದಡ್ಡರು ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆವು. ಹಾಗಾದರೆ ಇಷ್ಟು ಹೊತ್ತಿಗೆ ಲೋಕದಲ್ಲಿ ದಡ್ಡರೇ ತುಂಬಿರಬೇಕಾಗಿತ್ತು! ನೆನಪು ಎಂಬುದು ಜರಡಿ ಇದ್ದಂತೆ. ಹೊಟ್ಟನ್ನೆಲ್ಲ ಹಾರಿಸಿ ಕಾಳನ್ನಷ್ಟೇ ಉಳಿಸಿಕೊಂಡು, ಅಂದಿನ ಬೆಳೆಯೆಲ್ಲ ಕಾಳೇ ಆಗಿತ್ತು ಎಂದು ನಂಬಿಸುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕಳಪೆ ಆಟಗಳು ಎಷ್ಟು ಬಂದವೆಂದರೆ, 1983ರಲ್ಲಿ ಆ ಉದ್ಯಮವೇ ಕುಸಿದುಬಿತ್ತು. ಅಟಾರಿ ಸಂಸ್ಥೆ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ತುಂಬಿಸಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೋರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಿಸಿತು. 2014ರಲ್ಲಿ ಅವನ್ನು ಅಗೆದು ತೆಗೆದರು. ಹಳೆಯದೆಲ್ಲ ಹೊನ್ನಾಗಿದ್ದರೆ ಹೂಳಬೇಕಾದ ಅಗತ್ಯವೇನಿತ್ತು?

ಹೊಸ ಯಂತ್ರಗಳ ಒಂದು ಗುಣವನ್ನಂತೂ ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ. ಹಳೆಯವು ಎರಡು ಕೈಗಳ ಹತ್ತೂ ಬೆರಳು ನೆಟ್ಟಗಿರುವವರಿಗಷ್ಟೇ ಮೀಸಲಾಗಿದ್ದವು. 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಒಂದು ವಿಶೇಷ ಹಿಡಿಕೆಯನ್ನು ತಂದಿತು. ಅದರಲ್ಲಿ ಎರಡು ಅಗಲವಾದ ಗುಂಡಿಗಳಿವೆ. ಕಾಲು, ಮೊಣಕೈ, ಗಲ್ಲ, ಹೀಗೆ ದೇಹದ ಯಾವ ಭಾಗಕ್ಕೆ ಚಲನೆಯಿದೆಯೋ ಅದಕ್ಕೆ ಒಪ್ಪುವ ಬೇರೆ ಬೇರೆ ಗುಂಡಿಗಳನ್ನು ಅದಕ್ಕೆ ಜೋಡಿಸಿಕೊಳ್ಳಬಹುದು. ನನ್ನ ತರಗತಿಯಲ್ಲಿ ಪೋಲಿಯೋದಿಂದ ನಡೆಯಲಾಗದ ಹುಡುಗನೊಬ್ಬನಿದ್ದ. ಆಟದ ಪೀರಿಯಡ್ಡಿನಲ್ಲಿ ಅವನಿಗೆ ನಾವು ಕೊಡುತ್ತಿದ್ದ ಕೆಲಸ ಕಬಡ್ಡಿಯ ಅಂಕ ಬರೆಯುವುದು. ಮೂರು ವರ್ಷ ಅವನು ಅಂಕ ಬರೆದ. 'ನೀನೂ ಆಡು' ಎನ್ನುವ ದಾರಿಯನ್ನು ನಾವು ಹುಡುಕಲೇ ಇಲ್ಲ. ಯಂತ್ರವೊಂದು ಅಂಥ ದಾರಿಯನ್ನು ಹುಡುಕಿದ್ದರೆ ಅದನ್ನು ಹೊಗಳಲು ನಾನು ಹಿಂಜರಿಯುವುದಿಲ್ಲ.

ಹಾಗಾದರೆ ಬೇರೆ ಬೇರೆ ಕಾಲದ ಯಂತ್ರಗಳನ್ನು ಹೋಲಿಸುವುದು ಹೇಗೆ? ನನ್ನ ಮಟ್ಟಿಗೆ ಮೊದಲ ಸೂತ್ರ ಇದು. ಪ್ರತಿಯೊಂದನ್ನೂ ಅದರದೇ ತರಗತಿಯಲ್ಲಿ ಕೂರಿಸಿ ಅಳೆಯಬೇಕು. ಸೀಮೆಎಣ್ಣೆ ದೀಪದಡಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ 60 ಅಂಕ ತೆಗೆದವನನ್ನೂ, ಟ್ಯೂಷನ್ನು ಗೈಡುಗಳ ನಡುವೆ 90 ತೆಗೆದವನನ್ನೂ ಒಂದೇ ಕೋಲಿನಿಂದ ಅಳೆಯಲಾಗದು. ಏನಿತ್ತು, ಅದರಲ್ಲಿ ಏನು ಮಾಡಿದ ಎಂದು ಕೇಳಬೇಕು.

1972ರಲ್ಲಿ ಅಮೆರಿಕದ ರಾಲ್ಫ್ ಬೇರ್ ಎಂಬುವರ ಆವಿಷ್ಕಾರದಿಂದ ಹುಟ್ಟಿದ 'ಮ್ಯಾಗ್ನಾವಾಕ್ಸ್ ಒಡಿಸ್ಸಿ' ಮನೆಬಳಕೆಯ ಮೊಟ್ಟಮೊದಲ ವಿಡಿಯೊ ಗೇಮ್ ಯಂತ್ರ. ಅದರಲ್ಲಿ ಪ್ರೊಸೆಸರೂ ಇರಲಿಲ್ಲ, ಶಬ್ದವೂ ಇರಲಿಲ್ಲ. ಪರದೆಯ ಮೇಲೆ ಕೆಲವು ಬಿಳಿಯ ಚುಕ್ಕಿಗಳು, ಒಂದು ಗೆರೆ, ಅಷ್ಟೇ. ಆಟದ ಮೈದಾನದ ಚಿತ್ರವಿರುವ ಪ್ಲಾಸ್ಟಿಕ್ ಹಾಳೆಯನ್ನು ಟಿವಿಯ ಗಾಜಿಗೆ ಅಂಟಿಸಿಕೊಂಡು, ಅಂಕಗಳನ್ನು ಕಾಗದದಲ್ಲಿ ತಾವೇ ಬರೆದುಕೊಂಡು ಆಡುತ್ತಿದ್ದರು. 1977ರ ಅಟಾರಿ 2600 ಯಂತ್ರದ ಕೆಲಸದ ಸ್ಮೃತಿ ಕೇವಲ 128 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಅಂದರೆ ನೀವು ಈಗ ಓದುತ್ತಿರುವ ಈ ಒಂದು ವಾಕ್ಯವನ್ನು ಇಡಲೂ ಆ ಯಂತ್ರದಲ್ಲಿ ಸ್ಥಳ ಸಾಲುತ್ತಿರಲಿಲ್ಲ. ಇಡೀ ಚಿತ್ರವನ್ನು ನೆನಪಿಟ್ಟುಕೊಳ್ಳಲು ಜಾಗವಿಲ್ಲದ್ದರಿಂದ, ಟಿವಿಯ ಕಿರಣ ಪರದೆಯ ಮೇಲೆ ಒಂದೊಂದೇ ಗೆರೆ ಎಳೆಯುತ್ತಾ ಬರುವಾಗ ಅದರ ವೇಗಕ್ಕೆ ಸರಿಯಾಗಿ ಆ ಗೆರೆಗೆ ಬೇಕಾದ ಬಣ್ಣವನ್ನು ಒದಗಿಸುತ್ತಾ ಓಡಬೇಕಾಗಿತ್ತು. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಇಡೀ ಆಟ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಳಸಿದ್ದಾರೆ. ಮೋಡಕ್ಕೆ ಬಿಳಿ ಬಣ್ಣ, ಪೊದೆಗೆ ಹಸಿರು. ನಮ್ಮ ತಾಯಂದಿರು ಒಂದೇ ಹಿಟ್ಟಿನಲ್ಲಿ ಬೆಳಗ್ಗೆ ಇಡ್ಲಿ, ಸಂಜೆ ದೋಸೆ ಮಾಡಿ ಮನೆ ತೂಗಿಸಿದ ಹಾಗೆ.

ಪ್ಲೇಸ್ಟೇಷನ್ 5 ತನ್ನ ಕಾಲದ ಸಾಧನಗಳಲ್ಲಿ ಇಷ್ಟೇ ಶ್ರಮಪಟ್ಟಿದೆಯೇ? ಪಟ್ಟಿದೆ. ಹಿಂದಿನ ಯಂತ್ರಗಳಲ್ಲಿ ಪರದೆಯ ಮುಂದೆ ನಿಮಿಷಗಟ್ಟಲೆ ಕಾಯಬೇಕಾಗಿದ್ದುದನ್ನು ಅದರ ವೇಗದ ಸಂಗ್ರಹ ವ್ಯವಸ್ಥೆ ಕೆಲವು ಕ್ಷಣಗಳಿಗೆ ಇಳಿಸಿದೆ. ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಆಟಗಳನ್ನೂ ನಡೆಸುತ್ತದೆ. ಹೊಸ ಮೇಷ್ಟ್ರು ಹಳೆಯ ಪಠ್ಯವನ್ನೂ ಪಾಠ ಮಾಡಬಲ್ಲವರಾದಂತೆ. ಹೀಗೆ ಅವರವರ ತರಗತಿಯಲ್ಲಿ ಇಬ್ಬರೂ ಪ್ರಥಮ ದರ್ಜೆಯಲ್ಲಿ ಉತ್ತೀರ್ಣ ಎಂದು ಹೇಳಿ, ನಾನು ಎದ್ದು ಮಲಗಲು ಹೋಗಬಹುದಿತ್ತು. ಆದರೆ ಮರುದಿನ ನಡೆದ ಒಂದು ಸಂಗತಿ ನನ್ನ ತೀರ್ಪನ್ನು ಬದಲಾಯಿಸಿತು.

ಮೊಮ್ಮಗನ ಹಟಕ್ಕೆ ಅಟ್ಟ ಹತ್ತಿ ಹುಡುಕಿದೆವು. ಹಳೆಯ ಟ್ರಂಕಿನಲ್ಲಿ ಆ ಕೆಂಪು-ಬಿಳಿ ಪೆಟ್ಟಿಗೆ ಸಿಕ್ಕಿತು. ಅದರ ಜೊತೆಗೆ ಮಗನ ಆರನೆಯ ತರಗತಿಯ ಗಣಿತದ ನೋಟ್‌ಬುಕ್ಕೂ ಇತ್ತು. ಅಡಾಪ್ಟರ್ ಸುಟ್ಟುಹೋಗಿತ್ತು, ಪೇಟೆಯಿಂದ ಹೊಸದು ತಂದೆವು. ಕ್ಯಾಸೆಟ್ಟಿನ ತುದಿಯನ್ನು ಒರೆಸಿ ಸಿಕ್ಕಿಸಿ, ಟಿವಿಯ ಹಳದಿ-ಬಿಳಿ ಕಿಂಡಿಗಳಿಗೆ ತಂತಿ ಜೋಡಿಸಿದೆವು. ಸುಮಾರು ಮೂವತ್ತು ವರ್ಷಗಳ ನಂತರ ಗುಂಡಿ ಒತ್ತಿದರೆ, ಯಾವ ಅನುಮತಿಯನ್ನೂ ಕೇಳದೆ ಆಟ ತೆರೆದುಕೊಂಡಿತು. ಅದು 'ಮೆಗಾ ಮ್ಯಾನ್ 2', ಜಪಾನಿನಲ್ಲಿ 1988ರಲ್ಲಿ ಬಂದದ್ದು.

ಮಗ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದ. ಅಲ್ಲಿ ಐದು ಸಾಲು, ಐದು ಕಂಬಗಳ ಒಂದು ಚೌಕಾಕಾರದ ಮನೆ. ಅದರೊಳಗೆ ಒಂಬತ್ತು ಚುಕ್ಕಿಗಳು. ಪಕ್ಕದಲ್ಲಿ ನನ್ನದೇ ಕೆಂಪು ಶಾಯಿಯ ಅಕ್ಷರ: 'ಗಣಿತದ ಪುಸ್ತಕದಲ್ಲಿ ಚೌಕಾಬಾರ ಆಡಬೇಡ.' ನನಗೆ ಎಲ್ಲವೂ ನೆನಪಾಯಿತು. ಐದು ಮನೆಗಳ ಚೌಕವನ್ನು ಕಂಡು, ಇವನು ತರಗತಿಯಲ್ಲಿ ಪಕ್ಕದ ಹುಡುಗನೊಡನೆ ಚೌಕಾಬಾರ ಆಡಿದ್ದಾನೆಂದು ನಾನು ಭಾವಿಸಿದ್ದೆ. ಏನೆಂದು ಕೇಳಿರಲಿಲ್ಲ. ಕಿವಿ ಹಿಂಡಿ, ಒಂದು ತಿಂಗಳು ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅವನೂ ಎದುರು ಹೇಳಿರಲಿಲ್ಲ.

ಅದು ಚೌಕಾಬಾರವಾಗಿರಲಿಲ್ಲ. ಆ ಯಂತ್ರಕ್ಕೆ ಆಟವನ್ನು ನೆನಪಿಟ್ಟುಕೊಳ್ಳುವ ಶಕ್ತಿಯಿಲ್ಲ. ಆಗ ನಮ್ಮೂರಿನಲ್ಲಿ ಸಂಜೆ ಕರೆಂಟು ಹೋಗುವುದು ಸೂರ್ಯ ಮುಳುಗಿದಷ್ಟೇ ನಿಶ್ಚಿತ. ಹೋದರೆ ಗಂಟೆಗಟ್ಟಲೆ ಆಡಿದ್ದೆಲ್ಲ ನೀರಿನಲ್ಲಿ ಹೋಮ. ಅದಕ್ಕಾಗಿ ಆಟ ಮಾಡಿದವರು ಒಂದು ಉಪಾಯ ಇಟ್ಟಿದ್ದರು. ಆಟಗಾರ ಸೋತು ನಿಂತಾಗ ಪರದೆಯ ಮೇಲೆ ಐದೈದರ ಚೌಕದಲ್ಲಿ ಒಂಬತ್ತು ಚುಕ್ಕಿಗಳನ್ನು ತೋರಿಸುತ್ತಿದ್ದರು. ಅದನ್ನು ಬರೆದಿಟ್ಟುಕೊಂಡರೆ, ನಾಳೆ ಅದೇ ಚುಕ್ಕಿಗಳನ್ನು ಇಟ್ಟು ಅಲ್ಲಿಂದಲೇ ಮುಂದುವರಿಯಬಹುದು. ಮೊದಲ ಸಾಲಿನ ಒಂದು ಚುಕ್ಕಿ, ಆಟಗಾರನ ಬಳಿ ಸೊನ್ನೆಯಿಂದ ನಾಲ್ಕರವರೆಗೆ ಎಷ್ಟು ಶಕ್ತಿಯ ಡಬ್ಬಿಗಳಿವೆ ಎಂದು ಹೇಳುತ್ತದೆ. ಅದು 5 ಸಾಧ್ಯತೆ. ಉಳಿದ ಎಂಟು ಚುಕ್ಕಿಗಳು ಎಂಟು ಶತ್ರುಗಳಲ್ಲಿ ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ ಎಂದು ಹೇಳುತ್ತವೆ. ಒಬ್ಬೊಬ್ಬನಿಗೂ ಎರಡು ಸ್ಥಿತಿ. ಎರಡರ ಎಂಟನೆಯ ಘಾತ 256. ಅದನ್ನು ಐದರಿಂದ ಗುಣಿಸಿದರೆ 1280. ಆಟದ ಸ್ಥಿತಿಯೆಲ್ಲ ಆ ಒಂಬತ್ತು ಚುಕ್ಕಿಗಳಲ್ಲಿ ಅಡಗಿದೆ. ಸಂಯೋಜನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಅದನ್ನು ಬರೆದಿಟ್ಟುಕೊಂಡ ಹುಡುಗನ ಕಿವಿಯನ್ನು ಗಣಿತದ ಮೇಷ್ಟ್ರಾದ ನಾನೇ ಹಿಂಡಿದ್ದೆ.

ಮೊಮ್ಮಗ ಆ ಚುಕ್ಕಿಗಳನ್ನು ಒಂದೊಂದಾಗಿ ಇಟ್ಟ. ಅವನ ಅಪ್ಪ ಹತ್ತು ವರ್ಷದವನಾಗಿದ್ದಾಗ ನಿಲ್ಲಿಸಿದ ಜಾಗದಲ್ಲಿ ಆಟ ತೆರೆದುಕೊಂಡಿತು. ಎಂಟರಲ್ಲಿ ಆರು ಶತ್ರುಗಳು ಸತ್ತಿದ್ದರು; ಇಬ್ಬರು ಕಾಯುತ್ತಿದ್ದರು. ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಆ ಮೌನದಲ್ಲಿ ಮೊಮ್ಮಗ ಕೇಳಿದ: "ನಂದು ಹೀಗೆ ಸಿಗಲ್ವಲ್ಲ ಅಪ್ಪಾ?" ಅದರ ಹಿಂದೆ ಒಂದು ಕಥೆಯಿದೆ. ಎರಡು ವರ್ಷಗಳ ಹಿಂದೆ ಅವನ ಖಾತೆಗೆ ಯಾರೋ ಕನ್ನ ಹಾಕಿದರು. ಹುಟ್ಟುಹಬ್ಬಗಳ ಉಡುಗೊರೆಯ ಹಣದಲ್ಲಿ ಅವನು ಕೊಂಡಿದ್ದ ಆಟಗಳೆಲ್ಲ ಆ ಖಾತೆಗೆ ಅಂಟಿಕೊಂಡಿದ್ದವು. ಸಂಬಂಧಪಟ್ಟ ಸಂಸ್ಥೆಗೆ ಮಗ ತಿಂಗಳುಗಟ್ಟಲೆ ಪತ್ರ ಬರೆದ. ಖಾತೆ ಮರಳಿ ಬರಲಿಲ್ಲ. ಮಗುವಿನ ಕೈಯಲ್ಲಿ ಉಳಿದದ್ದು ಯಂತ್ರ ಮಾತ್ರ. ಆಟಗಳು ಎಲ್ಲಿದ್ದವು ಎಂದು ಅವನು ಕೇಳಿದಾಗ ಉತ್ತರ ಕೊಡಲು ನಮಗೆ ತಿಳಿಯಲಿಲ್ಲ. ಏಕೆಂದರೆ ಅವು ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ.

ಇದು ನಮ್ಮೊಬ್ಬರ ಮನೆಯ ಗೋಳಲ್ಲ. 2023ರ ಮಾರ್ಚ್ 27ರಂದು ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರಜಾಲ ಅಂಗಡಿಯನ್ನು ಮುಚ್ಚಿತು. 2024ರ ಜುಲೈ 29ರಂದು ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಇನ್ನು ಹೊಸದಾಗಿ ಕೊಳ್ಳುವ ದಾರಿಯಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಯೂಬಿಸಾಫ್ಟ್ ಸಂಸ್ಥೆ 'ದಿ ಕ್ರೂ' ಎಂಬ ಕಾರು ಓಟದ ಆಟದ ಸರ್ವರನ್ನು ನಿಲ್ಲಿಸಿದಾಗ, ಡಿಸ್ಕನ್ನು ಕೈಯಲ್ಲಿ ಹಿಡಿದವರಿಗೂ ಆಟ ತೆರೆಯಲಿಲ್ಲ. ಅದರ ವಿರುದ್ಧ ಯುರೋಪಿನಲ್ಲಿ ಎದ್ದ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನಿದೆ: ಇಂಥ ಸರಕನ್ನು ಮಾರುವವರು, ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು ಎಂದು ಸ್ಪಷ್ಟವಾಗಿ ಹೇಳಬೇಕು. 2024ರ ಪ್ಲೇಸ್ಟೇಷನ್ 5 ಪ್ರೊ ಯಂತ್ರದಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಬೇಕಾದವರು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕು. 2025ರ ಜೂನಿನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಂತೂ ಕೆಲವು ಕಾರ್ಡುಗಳ ಒಳಗೆ ಆಟವೇ ಇರುವುದಿಲ್ಲ. ಆಟವನ್ನು ಅಂತರಜಾಲದಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ.

ಆದ್ದರಿಂದ ಎಲ್ಲ ಪೀಳಿಗೆಗಳಿಗೂ ಸಲ್ಲುವ ಅಳತೆಗೋಲು ಒಂದೇ ಎಂದು ನನಗೆ ತೋರಿತು. ಬಿಟ್ಟಲ್ಲ, ಟೆರಾಫ್ಲಾಪಲ್ಲ, ನೆನಪಿನ ಸವಿಯೂ ಅಲ್ಲ. ಈ ಯಂತ್ರದಲ್ಲಿ ಆಡಿದ್ದನ್ನು ಒಬ್ಬ ತಂದೆ ತನ್ನ ಮಗುವಿನ ಕೈಗೆ ಕೊಡಬಲ್ಲನೇ? ಈ ಒಂದು ಪ್ರಶ್ನೆಯಲ್ಲಿ ಮಗ್ಗಿ ಬಾರದ ಯಂತ್ರ ಗೆಲ್ಲುತ್ತದೆ, ಹತ್ತು ಲಕ್ಷ ಕೋಟಿ ಲೆಕ್ಕದ ಯಂತ್ರ ಹಿಂದೆ ಬೀಳುತ್ತದೆ. ಅದು ತಂತ್ರಜ್ಞಾನದ ದೌರ್ಬಲ್ಯವಲ್ಲ. ಅಷ್ಟು ಶಕ್ತಿಯ ಯಂತ್ರಕ್ಕೆ ಒಂದು ಆಟವನ್ನು ಮೂವತ್ತು ವರ್ಷ ಕಾಪಾಡುವುದು ಕಷ್ಟವೇನಲ್ಲ. ಹಾಗೆ ಮಾಡದಿರುವುದು ಮಾರುವವರ ಆಯ್ಕೆ.

ನ್ಯಾಯ ಹೇಳುವವನು ತನ್ನ ಪಕ್ಷದ ಕೊರತೆಗಳನ್ನೂ ಹೇಳಬೇಕು. ಹಳೆಯ ಕ್ಯಾಸೆಟ್ಟುಗಳೇನೂ ಚಿರಂಜೀವಿಗಳಲ್ಲ. ಕೆಲವುಗಳಲ್ಲಿ ಆಟವನ್ನು ನೆನಪಿಡಲು ಪುಟ್ಟ ಬ್ಯಾಟರಿಯಿತ್ತು. ಅದು ಸತ್ತರೆ ನೆನಪೂ ಸತ್ತಿತು. ನಮ್ಮ ಕೈಯಲ್ಲಿ ಉಳಿದದ್ದು ಕಾಗದದಲ್ಲಿ ಬರೆದದ್ದರಿಂದ. ಇನ್ನೊಂದು ಮಾತು ಇದಕ್ಕಿಂತ ಕಹಿಯಾದದ್ದು. ನಮ್ಮ ಯಂತ್ರವೂ ನಕಲು, ಕ್ಯಾಸೆಟ್ಟೂ ನಕಲು. ಆ ಒಂಬತ್ತು ಚುಕ್ಕಿಗಳ ಉಪಾಯ ಹೂಡಿದ ಜಪಾನಿನ ಆ ಜಾಣರಿಗೆ ನಮ್ಮ ಮನೆಯಿಂದ ಒಂದು ಪೈಸೆಯೂ ಹೋಗಿಲ್ಲ. ಮೊಮ್ಮಗನ ಆಟಗಳಿಗೆ ನಾವು ಪೂರ್ತಿ ಬೆಲೆ ತೆತ್ತಿದ್ದೇವೆ. ಕದ್ದದ್ದು ಕೈಯಲ್ಲಿ ಉಳಿಯಿತು, ಕೊಂಡದ್ದು ಕೈಬಿಟ್ಟಿತು. ಪ್ರಾಮಾಣಿಕತೆಯ ಪಾಠ ಹೇಳಬೇಕಾದ ಮೇಷ್ಟ್ರಿಗೆ ಇದಕ್ಕಿಂತ ಮುಜುಗರದ ಉದಾಹರಣೆ ಬೇರೆ ಬೇಕೇ? ಪ್ರಾಮಾಣಿಕವಾಗಿ ಕೊಂಡವನಿಗೆ ಕಳ್ಳಮಾಲು ಕೊಂಡವನಿಗಿಂತ ಕಡಿಮೆ ದಕ್ಕುವ ವ್ಯವಸ್ಥೆ, ಮಕ್ಕಳಿಗೆ ಯಾವ ನೀತಿಯನ್ನು ಕಲಿಸೀತು?

ನನ್ನ ಶಿಷ್ಯರಲ್ಲಿ ಈಗ ತಂದೆತಾಯಿಗಳಾಗಿರುವವರಿಗೆ ಒಂದು ಮಾತು. ಮಕ್ಕಳಿಗೆ ಇಂಥ ಯಂತ್ರ ಕೊಡಿಸುವಾಗ ಟೆರಾಫ್ಲಾಪ್ ಎಷ್ಟೆಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಡಿಸ್ಕ್ ಹಾಕಲು ಬಾಯಿಯಿದೆಯೇ? ಅಂತರಜಾಲ ಇಲ್ಲದಿದ್ದರೂ ಆಟ ತೆರೆಯುತ್ತದೆಯೇ? ಹಿಂದಿನ ಯಂತ್ರದ ಆಟಗಳು ಇದರಲ್ಲಿ ನಡೆಯುತ್ತವೆಯೇ? ನಿಮ್ಮಲ್ಲಿ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಕುಳಿತು ಸಾಫ್ಟ್‌ವೇರ್ ಬರೆಯುವವರು ಬಹಳ ಮಂದಿ ಇದ್ದೀರಿ. ನಿಮಗೆ ಇನ್ನೊಂದು ಮಾತು. ನೀವು ಮಾಡಿದ್ದು ನಿಮ್ಮ ಕಚೇರಿ ಮುಚ್ಚಿದ ಮರುದಿನವೂ ಒಬ್ಬ ಹುಡುಗನ ಮನೆಯಲ್ಲಿ ತೆರೆದುಕೊಳ್ಳುವಂತಿರಲಿ. ಹಳಬರು ಅದನ್ನು 25 ಮನೆಗಳ ಒಂದು ಚೌಕದಲ್ಲಿ ಸಾಧಿಸಿದರು.

ಊರಿಗೆ ಹೊರಡುವ ದಿನ ಮಗ ಆ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದು ನಕ್ಕ. ನಾನು ಕೆಂಪು ಪೆನ್ನು ತರಿಸಿ, ಹಳೆಯ ಷರಾದ ಮೇಲೆ ಗೆರೆ ಎಳೆದು, ಕೆಳಗೆ 'ಸರಿ' ಎಂದು ಬರೆದು ಸಹಿ ಮಾಡಿಕೊಟ್ಟೆ. ಮೂವತ್ತು ವರ್ಷ ತಡವಾಗಿ ಮೌಲ್ಯಮಾಪನ ಮಾಡಿದ್ದಕ್ಕೆ ಯಾವ ಮೇಷ್ಟ್ರಿಗೂ ಸಮಜಾಯಿಷಿಯಿಲ್ಲ. ಮೊಮ್ಮಗ ಯಂತ್ರವನ್ನು ತನ್ನ ಚೀಲದಲ್ಲಿಟ್ಟುಕೊಂಡ. ಉಳಿದ ಇಬ್ಬರು ಶತ್ರುಗಳಲ್ಲಿ ಒಬ್ಬನನ್ನು ಮುಗಿಸಿದ್ದೇನೆಂದು ಮೊನ್ನೆ ಫೋನು ಮಾಡಿದ್ದ. ಹೊಸ ಚುಕ್ಕಿಗಳನ್ನು ಎಲ್ಲಿ ಬರೆದಿಟ್ಟೆ ಎಂದು ಕೇಳಿದೆ. ಅಪ್ಪನ ಚೌಕದ ಕೆಳಗೇ ಬರೆದಿದ್ದಾನಂತೆ.